ಬೂಟಿನ ಲೇಸು ಪದೇ ಪದೇ ಬಿಚ್ಚಿಕೊಳ್ಳುತ್ತದೆ: ತಪ್ಪು ಲೇಸಿನದ್ದಾ, ಗಂಟಿನದ್ದಾ?

ತಿಲಕವಾಡಿ_ನಡಿಗೆ:
ಎಲ್ಲರಿಗೂ ನಮಸ್ಕಾರ. ಸಣ್ಣ ಪ್ರಶ್ನೆ, ನಗಬೇಡಿ. ನನಗೆ 41 ವರ್ಷ. ಇನ್ನೂ ಲೇಸು ಕಟ್ಟೋದು ಬರೋದಿಲ್ಲ ಅಂತ ಈಗ ಅನುಮಾನ ಬಂದಿದೆ.

ದೀಪಾವಳಿ ಹೊತ್ತಿಗೆ ಹರಡು ಮುಚ್ಚುವಂಥ ಬೂಟು ತೆಗೆದುಕೊಂಡೆ. ಲೇಸು ತೂರಿಸಲು ಕೆಳಗೆ 5 ಜೊತೆ ಕಣ್ಣು, ಮೇಲೆ 3 ಜೊತೆ ಕೊಂಡಿ. ದಿನಾ ಬೆಳಿಗ್ಗೆ ವ್ಯಾಕ್ಸಿನ್ ಡಿಪೋದಲ್ಲಿ ನಡೆಯುತ್ತೇನೆ, ರವಿವಾರ ಯಳ್ಳೂರಿನ ರಾಜಹಂಸಗಡ ಹತ್ತುತ್ತೇನೆ. ಗಡ ಹತ್ತಿ ಇಳಿಯುವಷ್ಟರಲ್ಲಿ ಬಲಗಾಲಿನ ಲೇಸು ಮೂರು ಸಲ, ಎಡಗಾಲಿನದ್ದು ಎರಡು ಸಲ ಬಿಚ್ಚಿಕೊಳ್ಳುತ್ತದೆ. ಹೋದ ವಾರ ಹಿಂದಿನಿಂದ ಬಂದ ಒಬ್ಬ ಅಜ್ಜ, ಬರೀ ಚಪ್ಪಲಿಯಲ್ಲಿ, ನನ್ನನ್ನು ದಾಟಿ ಹೋಗುತ್ತ 'ಲೇಸ್ ನೋಡ್ರಿ' ಅಂದರು. ಮರ್ಯಾದೆ ಹೋಯಿತು.

ಬೂಟಿನ ಜೊತೆ ಬಂದದ್ದು ದುಂಡಗಿನ, ಹೊಳೆಯುವ ಲೇಸು. ಅಂಗಡಿಯಲ್ಲಿ ಕೇಳಿದರೆ 'ಎಲ್ಲಾ ಬೂಟಿಂದೂ ಹಿಂಗ ಇರ್ತದ' ಅಂದರು. ಖಡೇಬಜಾರಿನಲ್ಲಿ ಬೇರೆ ಲೇಸು ತಂದೆ. ಅದೂ ಬಿಚ್ಚಿತು. ಸಾಲದ್ದಕ್ಕೆ ಎಡಗಾಲಿನದ್ದು 20 ದಿನದಲ್ಲಿ ಹರಿದೇ ಹೋಯಿತು. ಯಾವ ಲೇಸು ತೊಗೊಳ್ಳಲಿ?

ಸುಮ್ನೆ_ಓದುವವ:
ವೆಲ್ಕ್ರೋ ಬೂಟು ತೊಗೊಳ್ಳಿ. ಮುಗೀತು.

ಎರಡುಗಾಲಿ_ಬಾಗಲಕೋಟೆ:
ಡಬಲ್ ಗಂಟು ಹಾಕಿ ಸರ್. ನಾನು ಸೈಕಲ್ ತುಳಿಯುವಾಗ ಯಾವಾಗಲೂ ಡಬಲ್ ಹಾಕಿ, ಉಳಿದ ತುದಿಯನ್ನು ಲೇಸಿನ ಅಡಿಯಲ್ಲೇ ತುರುಕುತ್ತೇನೆ. ಬಲಗಾಲಿನದ್ದು ಒಮ್ಮೆ ಚೈನಿಗೆ ಸಿಕ್ಕಿ, ಕಾಲು ಪೆಡಲಿಗೆ ಅಂಟಿಕೊಂಡ ಹಾಗೇ ಪಕ್ಕಕ್ಕೆ ಉರುಳಿದೆ. ಸದ್ಯ, ಗದ್ದನಕೇರಿ ಕ್ರಾಸ್ ಇನ್ನೂ ಮುಂದಿತ್ತು, ಹಿಂದೆ ಲಾರಿ ಇರಲಿಲ್ಲ.

ನಿವೃತ್ತ_ಹವಾಲ್ದಾರ:
ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರುವ ಊರಿನವರು ನೀವು. ಬೆಳಿಗ್ಗೆ ಕ್ಯಾಂಪಿನ ಕಡೆ ಹೋಗಿ ಯಾವ ರಂಗರೂಟನ್ನು ನಿಲ್ಲಿಸಿ ಕೇಳಿದರೂ ಹೇಳುತ್ತಿದ್ದ. ನಮ್ಮನ್ನು ಕೇಳುತ್ತೀರಿ, ಇರಲಿ.

ಲೇಸು ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ಈಗ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿ. ನಿಂತು ಮೇಲಿನಿಂದ ನೋಡಿ. ಗಂಟಿನ ಹೂವಿನ ಎರಡು ಕಿವಿ (ಕುಣಿಕೆಗಳು) ಬೂಟಿಗೆ ಅಡ್ಡಲಾಗಿ, ಅಂದರೆ ಎಡಕ್ಕೂ ಬಲಕ್ಕೂ ಮಲಗಿವೆಯಾ? ಇಲ್ಲಾ ಒಂದು ಕಿವಿ ಬೆರಳಿನ ಕಡೆ, ಇನ್ನೊಂದು ಮೊಣಕಾಲಿನ ಕಡೆ ತಿರುಗಿದೆಯಾ?

ಅದನ್ನು ಹೇಳಿ. ಆಮೇಲೆ ಮಾತಾಡೋಣ.

ಪ್ಯಾರಾಕಾರ್ಡ್_ಪ್ರೇಮಿ:
ಹವಾಲ್ದಾರ್ ಸರ್, ಅಷ್ಟೆಲ್ಲ ಯಾಕೆ? 550 ಪ್ಯಾರಾಕಾರ್ಡ್ (ಪ್ಯಾರಾಚೂಟಿನ ನೈಲಾನ್ ಹಗ್ಗ) ತರಿಸಿ ಹಾಕಿಬಿಡಲಿ. ಸುಮಾರು 4 ಮಿ.ಮೀ. ದಪ್ಪ, ಒಳಗೆ 7 ಎಳೆ, 550 ಪೌಂಡು ತಡೆಯುತ್ತದೆ. ಹೆಚ್ಚೂಕಡಿಮೆ 250 ಕೆಜಿ. ಜನ್ಮದಲ್ಲಿ ಹರಿಯೋದಿಲ್ಲ.

ನಿವೃತ್ತ_ಹವಾಲ್ದಾರ:
ಅವರು ಬೂಟು ಕಟ್ಟುತ್ತಿದ್ದಾರೆ, ಎಮ್ಮೆ ಕಟ್ಟುತ್ತಿಲ್ಲ.

ಪ್ಯಾರಾಕಾರ್ಡ್ ಗಟ್ಟಿ, ಒಪ್ಪಿದೆ. ಆದರೆ ಅದು ದುಂಡು ನೈಲಾನ್, ನುಣುಪು ಜಾಸ್ತಿ. ಗಂಟು ನಿಲ್ಲುವುದು ತಿಕ್ಕಾಟದಿಂದ, ಹಗ್ಗದ ಬಲದಿಂದ ಅಲ್ಲ. ಹೊರಗಿನ ಚೀಲವೂ ಒಳಗಿನ ಎಳೆಗಳೂ ಒಂದರ ಮೇಲೊಂದು ಜಾರುತ್ತವೆ. ಕಾಡಿನಲ್ಲಿ ಬೂಟಿನಿಂದ ಬಿಚ್ಚಿ ಬೇರೆ ಕೆಲಸಕ್ಕೆ ಬಳಸಬಹುದು ಅನ್ನುವುದು ಅದರ ಗುಣ. ಬಿಚ್ಚಬಾರದು ಅನ್ನುವವರಿಗೆ ಅದು ಮೊದಲ ಆಯ್ಕೆ ಅಲ್ಲ.

ತಿಲಕವಾಡಿ_ನಡಿಗೆ:
ನೋಡಿದೆ. ಒಂದು ಕಿವಿ ಬೆರಳಿನ ಕಡೆ, ಇನ್ನೊಂದು ಮೇಲಕ್ಕೆ ನನ್ನನ್ನೇ ನೋಡುತ್ತಿದೆ. ಎರಡೂ ಬೂಟಿನಲ್ಲಿ ಹಾಗೇ. ಇದು ಕೆಟ್ಟದ್ದಾ?

ನಿವೃತ್ತ_ಹವಾಲ್ದಾರ:
ಕೆಟ್ಟದ್ದೇ. ನಿಮ್ಮ ರೋಗ ಸಿಕ್ಕಿತು.

ಲೇಸು ಕಟ್ಟುವಾಗ ನಾವು ಎರಡು ಗಂಟು ಹಾಕುತ್ತೇವೆ. ಮೊದಲನೆಯದು ಬರೀ ಅಡ್ಡ ಹಾಕಿ ಎಳೆಯುವುದು. ಎರಡನೆಯದು ಕುಣಿಕೆ ಮಾಡಿ ಸುತ್ತಿ ತೂರಿಸುವುದು. ಈ ಎರಡೂ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಇರಬೇಕು. ಆಗ ಗಂಟು ಚಪ್ಪಟೆಯಾಗಿ ಕೂರುತ್ತದೆ, ಕಿವಿಗಳು ಅಡ್ಡ ಮಲಗುತ್ತವೆ. ಎರಡೂ ಒಂದೇ ದಿಕ್ಕಿನಲ್ಲಿ ಇದ್ದರೆ ಗಂಟು ಓರೆಯಾಗಿ ತಿರುಚಿಕೊಂಡು ಪ್ರತಿ ಹೆಜ್ಜೆಗೂ ತನ್ನನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಇಂಗ್ಲಿಷಿನವರು ಇದಕ್ಕೆ ಗ್ರ್ಯಾನಿ ಗಂಟು ಅನ್ನುತ್ತಾರೆ. ಅಜ್ಜಿಯರ ಮೇಲೆ ಯಾಕೆ ಸಿಟ್ಟೋ. ನಮ್ಮ ಅಜ್ಜಿ ಕಟ್ಟಿದ ಜೋಳದ ಚೀಲದ ಗಂಟನ್ನು ನಾಲ್ಕು ಗಂಡಸರು ಸೇರಿದರೂ ಬಿಚ್ಚಲು ಆಗುತ್ತಿರಲಿಲ್ಲ.

ಔಷಧ ಇಷ್ಟೇ. ಎರಡನೇ ಗಂಟನ್ನು ಮುಟ್ಟಬೇಡಿ. ಅದು 35 ವರ್ಷದಿಂದ ಕೈಗೆ ಅಂಟಿದ ಅಭ್ಯಾಸ, ಬದಲಿಸಿದರೆ ಗೊಂದಲ ಆಗುತ್ತದೆ. ಮೊದಲನೆಯದನ್ನು ಮಾತ್ರ ಉಲ್ಟಾ ಮಾಡಿ. ಈಗ ಬಲದ ಎಳೆಯನ್ನು ಎಡದ ಮೇಲೆ ಹಾಕುತ್ತಿದ್ದರೆ, ಎಡದ್ದನ್ನು ಬಲದ ಮೇಲೆ ಹಾಕಿ. ಉಳಿದದ್ದೆಲ್ಲ ಹಾಗೇ ಇರಲಿ.

ಸುಮ್ನೆ_ಓದುವವ:
ಆಫೀಸಿನಲ್ಲಿ ಕೂತು ಮೇಜಿನ ಅಡಿ ಬಗ್ಗಿ ನನ್ನ ಶೂ ನೋಡಿದೆ. ನನ್ನದೂ ಬೆರಳಿನ ಕಡೆ ತಿರುಗಿದೆ. ಪಕ್ಕದವರು ಏನಾಯ್ತು ಅಂತ ಕೇಳಿದರು. ಈಗ ಇಡೀ ಸೆಕ್ಷನ್ ಬಗ್ಗಿ ನೋಡಿಕೊಳ್ಳುತ್ತಿದೆ. 7 ಜನರಲ್ಲಿ 3 ಜನರದ್ದು ತಪ್ಪು.

ಗಣಿತ_ಟೀಚರ್_ವಿಜಯಪುರ:
ಹವಾಲ್ದಾರ್ ಸರ್ ಹೇಳಿದ್ದು ಸರಿ. ಇದರ ಮೇಲೆ ಪ್ರಯೋಗವೇ ನಡೆದಿದೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ಮೆಕ್ಯಾನಿಕಲ್ ಎಂಜಿನಿಯರುಗಳು ಇದನ್ನೇ ಹಿಡಿದು ಕೂತರು. ಅವರಲ್ಲಿ ಒಬ್ಬರು ಟ್ರೆಡ್‌ಮಿಲ್ ಮೇಲೆ ಓಡಿದರು, ಲೇಸಿನ ಕಡೆ ಹೈಸ್ಪೀಡ್ ಕ್ಯಾಮೆರಾ ಇಟ್ಟರು.

ಗೊತ್ತಾದದ್ದು ಇದು. ಓಡುವಾಗ ಪಾದ ನೆಲಕ್ಕೆ ಬಡಿಯುವ ಹೊಡೆತ ಗುರುತ್ವದ ಸುಮಾರು 7 ಪಟ್ಟು ಇರುತ್ತದೆ. ಆ ಹೊಡೆತಕ್ಕೆ ಗಂಟಿನ ನಡುಭಾಗ ಹಿಗ್ಗಿ ಮತ್ತೆ ಕುಗ್ಗುತ್ತದೆ, ಹೀಗೆ ನಿಧಾನವಾಗಿ ಬಿಗಿ ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಕಾಲು ಹಿಂದೆ ಮುಂದೆ ಬೀಸುವುದರಿಂದ ಜೋತುಬಿದ್ದ ತುದಿಗಳು ಚಾಟಿಯ ಹಾಗೆ ಎಳೆಯುತ್ತವೆ, ಯಾರೋ ಕಾಣದ ಕೈಯಿಂದ ಜಗ್ಗಿದ ಹಾಗೆ. ಎರಡೂ ಬೇಕು. ಕೂತು ಕಾಲು ಬೀಸಿದರೆ ಬಿಚ್ಚಲಿಲ್ಲ. ನಿಂತಲ್ಲೇ ಕಾಲು ಬಡಿದರೂ ಬಿಚ್ಚಲಿಲ್ಲ. ಎರಡೂ ಸೇರಿದಾಗ, ತುಂಬಾ ಹೊತ್ತು ಏನೂ ಆಗದಂತೆ ಇದ್ದು, ಒಮ್ಮೆ ಜಾರಲು ಶುರುವಾದರೆ ಒಂದೆರಡು ಹೆಜ್ಜೆಯಲ್ಲೇ ಪೂರ್ತಿ ಬಿಚ್ಚಿಬಿಡುತ್ತದೆ. ಅದಕ್ಕೇ ನಮಗೆ 'ಈಗ ತಾನೇ ಗಟ್ಟಿ ಇತ್ತಲ್ಲ' ಅನ್ನಿಸುವುದು.

ಚಪ್ಪಟೆ ಕೂರುವ ಗಂಟೂ ಕೊನೆಗೆ ಬಿಚ್ಚಬಹುದು. ಆದರೆ ಓರೆ ಗಂಟು ಬಹಳ ಬೇಗ ಕೈಕೊಡುತ್ತದೆ.

ಎರಡುಗಾಲಿ_ಬಾಗಲಕೋಟೆ:
ಹಾಗಾದರೆ ತುದಿ ತುರುಕುವ ನನ್ನ ಅಭ್ಯಾಸ ಸರಿ ಅಂತಾಯ್ತು! ಜೋತುಬಿದ್ದ ತುದಿಯೇ ಇಲ್ಲದಿದ್ದರೆ ಜಗ್ಗುವವರು ಯಾರು?

ಗಣಿತ_ಟೀಚರ್_ವಿಜಯಪುರ:
ಸರಿಯೇ. ನಿಮ್ಮ ಡಬಲ್ ಗಂಟಿಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತಿರಬಹುದು.

ಅಥಣಿ_ಚಪ್ಪಲಿ:
ಲೇಸಿಲ್ಲದ ಊರಿನವನ ಎರಡು ಮಾತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಚಪ್ಪಲಿ ಹೊಲಿಯುತ್ತೇವೆ. ಜನ ಕೊಲ್ಹಾಪುರಿ ಅನ್ನುತ್ತಾರೆ. 2019ರಲ್ಲಿ ಅದಕ್ಕೆ ಜಿಐ ಪಟ್ಟಿ (ಭೌಗೋಳಿಕ ಗುರುತು) ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಅದರಲ್ಲಿ ಮೊಳೆ ಇಲ್ಲ, ಲೇಸೂ ಇಲ್ಲ. ಗಡದ ಮೇಲೆ ನಿಮ್ಮನ್ನು ದಾಟಿ ಹೋದ ಅಜ್ಜ ನಮ್ಮ ಗಿರಾಕಿಯೇ ಇರಬೇಕು.

ಆದರೆ ತೊಗಲಿನ ದಾರದ ಬಗ್ಗೆ ಹೇಳಬಲ್ಲೆ. ತೊಗಲಿನ ಲೇಸು ಹಾಕುವ ಬೂಟು ಈಗಲೂ ಬರುತ್ತವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲಿನಿಂದ ಉದ್ದಕ್ಕೆ ಎಳೆ ತೆಗೆಯುವುದು ಒಂದು ಕೈಚಳಕ. ಅಂಗೈಯಷ್ಟು ಗುಂಡನೆಯ ತುಂಡು ಇಟ್ಟುಕೊಂಡು ಅಂಚಿನಿಂದ ಸುರುಳಿಯಾಗಿ ಒಳಕ್ಕೆ ಕೊಯ್ಯುತ್ತ ಹೋಗಬೇಕು. ಬಾಳು ಮತ್ತು ಹೆಬ್ಬೆರಳಿನ ನಡುವೆ ಅಂತರ ಒಂದೇ ಇರಬೇಕು. ಸ್ವಲ್ಪ ಕೈ ನಡುಗಿದರೂ ಅಲ್ಲಿ ಎಳೆ ತೆಳುವಾಯ್ತು, ನಾಳೆ ಅಲ್ಲೇ ಹರಿಯಿತು. ಸರಿಯಾಗಿ ಕೊಯ್ದರೆ ಅಂಗೈ ಅಗಲದ ತುಂಡಿನಿಂದ ಒಂದು ಬೂಟಿಗೆ ಸಾಕಾಗುವಷ್ಟು ಉದ್ದ ಸಿಗುತ್ತದೆ. ಮೊದಲ ಸಲ ನೋಡಿದವರು ನಂಬೋದಿಲ್ಲ.

ಅದರ ಗುಣ ಅಂದರೆ ತಿಕ್ಕಾಟ ಚೆನ್ನಾಗಿದೆ, ಗಂಟು ಕಚ್ಚಿ ಹಿಡಿಯುತ್ತದೆ. ದೋಷ ಅಂದರೆ ನೀರು. ನೆನೆದರೆ ಹಿಗ್ಗುತ್ತದೆ, ಒಣಗಿದರೆ ಬಿರುಸಾಗುತ್ತದೆ. ಎಣ್ಣೆ ಹಚ್ಚಬೇಕು. ಬೆಳಗಾವಿ ಮಳೆಗೆ ಬೇಡ.

ಗಣಿತ_ಟೀಚರ್_ವಿಜಯಪುರ:
ಅಥಣಿಯವರೇ, ನಿಮ್ಮ ಕಸುಬಿನ ವಯಸ್ಸು ಕೇಳಿ. ಅರ್ಮೇನಿಯಾ ದೇಶದ ಅರೆನಿ ಎಂಬ ಊರಿನ ಗುಹೆಯಲ್ಲಿ 2008ರಲ್ಲಿ ಒಂದು ಪಾದರಕ್ಷೆ ಸಿಕ್ಕಿತು. ಸುಮಾರು 5,500 ವರ್ಷ ಹಳೆಯದು. ಒಂದೇ ತುಂಡು ಹಸುವಿನ ತೊಗಲು ಮಡಚಿ, ಕಣ್ಣು ಕೊರೆದು, ತೊಗಲಿನ ಲೇಸಿನಿಂದ ಬಿಗಿದಿದ್ದಾರೆ. ಒಳಗೆ ಹುಲ್ಲು ತುಂಬಿತ್ತು. ಗುಹೆ ತಂಪಾಗಿ ಒಣಗಿದ್ದರಿಂದಲೂ, ಮೇಲೆ ಕುರಿ ಹಿಕ್ಕೆಯ ಪದರ ಮುಚ್ಚಿದ್ದರಿಂದಲೂ ಕೆಡದೆ ಉಳಿಯಿತು. ಲೇಸು ಇನ್ನೂ ಕಣ್ಣಿನಲ್ಲೇ ಇತ್ತು!

ಸುಮ್ನೆ_ಓದುವವ:
5,500 ವರ್ಷ ಬಿಚ್ಚಿಕೊಳ್ಳಲಿಲ್ಲ. ತಿಲಕವಾಡಿಯವರು ಅವರ ಹತ್ತಿರ ಕೇಳಬೇಕಿತ್ತು.

ಮುಧೋಳ_ಕಬ್ಬು:
ನಗುವ ಮಾತು ಸಾಕು, ಒಂದು ಗಂಭೀರ ಮಾತು. ಟ್ರ್ಯಾಕ್ಟರ್ ಹಿಂದೆ ಬೇರೆ ಯಂತ್ರ ಓಡಿಸಲು ತಿರುಗುವ ಪಿಟಿಒ ಶಾಫ್ಟ್ ಇರುತ್ತದಲ್ಲ, ಅದು ನಿಮಿಷಕ್ಕೆ 540 ಸುತ್ತು. ಸೆಕೆಂಡಿಗೆ 9. ಅದರ ಹತ್ತಿರ ಲೇಸು ಜೋತು ಬಿಟ್ಟುಕೊಂಡು ಹೋಗಬೇಡಿ. ಲುಂಗಿ, ಟವೆಲ್, ಸೀರೆ ಸೆರಗು, ಲೇಸು, ಯಾವುದು ಸಿಕ್ಕರೂ ಒಂದೇ. ಕೈ ಎತ್ತುವಷ್ಟರಲ್ಲಿ ಮನುಷ್ಯನನ್ನೇ ಸುತ್ತಿಕೊಂಡಿರುತ್ತದೆ. ನಮ್ಮಲ್ಲಿ ಮೇವು ಕತ್ತರಿಸುವ ಯಂತ್ರಕ್ಕೂ ಇದೇ ಮಾತು. ಹೊಲದಲ್ಲಿ ಬೂಟು ಹಾಕಿದರೆ ಲೇಸು ಒಳಗೆ ತುರುಕಿ, ಪ್ಯಾಂಟು ಮೇಲೆ ಬಿಡಿ.

ಇನ್ನೊಂದು, ನಮ್ಮ ಹೊಲಗಳಲ್ಲಿ ಲೇಸಿಗೆ ಉತ್ತರಾಣಿ ಕಡ್ಡಿ ಮೆತ್ತಿಕೊಳ್ಳುತ್ತದೆ. ದಪ್ಪನೆಯ ಹತ್ತಿ ಲೇಸಾದರೆ ಕೂತು ಒಂದೊಂದೇ ಕೀಳಬೇಕು, ನಾಯಿಗೆ ಉಣ್ಣೆ ಕಿತ್ತ ಹಾಗೆ. ನುಣುಪು ಪಾಲಿಯೆಸ್ಟರ್ ಆದರೆ ಒಮ್ಮೆ ಜಾಡಿಸಿದರೆ ಹೋಗುತ್ತದೆ.

ಉದ್ಯಮಬಾಗ_ಎರಡನೇಪಾಳಿ:
ಮುಧೋಳದವರು ಹೇಳಿದ ಮೇಲೆ ನಾನೂ ಬರೆಯುತ್ತೇನೆ. ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 14 ವರ್ಷದಿಂದ ಇದ್ದೇನೆ, ಹೆಸರು ಬೇಡ. ಅಚ್ಚಿಗೆ ಸುರಿಯುವಾಗ ಬೀಡುಕಬ್ಬಿಣ 1,300 ಡಿಗ್ರಿಗಿಂತ ಮೇಲೇ ಇರುತ್ತದೆ. ಹನಿ ಹಾರುವುದು ದಿನದ ಮಾತು.

ಹೊಸದಾಗಿ ಸೇರಿದಾಗ ನನ್ನದು ಮಾಮೂಲಿ ಲೇಸಿನ ಬೂಟು. ಒಂದು ರಾತ್ರಿ ಲೇಸಿನ ಹೂವಿನ ಮೇಲೆ ಬಟಾಣಿ ಕಾಳಿನಷ್ಟು ಹನಿ ಬಿತ್ತು. ನೈಲಾನ್ ಲೇಸು ಸುಮಾರು 220ರಿಂದ 260 ಡಿಗ್ರಿಯಲ್ಲೇ ಕರಗುತ್ತದೆ. ಉರಿಯಲಿಲ್ಲ, ಕರಗಿ ಅಂಟಾಯಿತು. ಗಂಟು ಒಂದೇ ಮುದ್ದೆ. ಬಿಚ್ಚಬೇಕೆಂದರೆ ಬಿಚ್ಚಲು ಗಂಟೇ ಇಲ್ಲ, ಎಳೆ ಯಾವುದು, ತುದಿ ಯಾವುದು ಗೊತ್ತಾಗುವುದಿಲ್ಲ. ಒಳಗೆ ಬೂಟಿನ ನಾಲಿಗೆ ಸುಟ್ಟು ಮೀಗಾಲು ಚುರುಗುಟ್ಟುತ್ತಿದೆ. ಮೇಸ್ತ್ರಿ ಚಾಕು ತಂದು ಕೆಳಗಿನಿಂದ ಮೇಲಕ್ಕೆ ಲೇಸು ಸೀಳಿ ಬೂಟು ಕಿತ್ತರು. ಮೀಗಾಲಿನ ಮೇಲೆ ಎಂಟಾಣೆ ಅಗಲದ ಗುರುತು ಇನ್ನೂ ಇದೆ.

ಅವತ್ತಿನಿಂದ ಸುರಿಯುವ ಕಡೆ ಲೇಸಿಲ್ಲದ ಬೂಟು. ಜಾಡಿಸಿದರೆ ಕಾಲಿನಿಂದ ಹಾರಬೇಕು, ಮೇಲೆ ಹೊದಿಕೆ ಇರಬೇಕು. ಗ್ರೈಂಡಿಂಗ್, ವೆಲ್ಡಿಂಗ್ ಕಡೆ ಲೇಸು ಬೇಕೇ ಬೇಕು ಅನ್ನುವವರು ಅರಾಮಿಡ್ ಲೇಸು ನೋಡಿ. ಕೆವ್ಲಾರ್ ಅನ್ನುತ್ತಾರಲ್ಲ, ಅದು. ಕರಗುವುದಿಲ್ಲ. ಬೆಲೆ ಜಾಸ್ತಿ. ಹತ್ತಿಯೂ ಕರಗುವುದಿಲ್ಲ, ಆದರೆ ಕಿಡಿ ಹಿಡಿದು ಉರಿಯುತ್ತದೆ.

ತಿಲಕವಾಡಿ_ನಡಿಗೆ:
ಓದಿ ಮೈ ಝುಂ ಅಂದಿತು. ನನ್ನ ಸಮಸ್ಯೆ ಸಮಸ್ಯೆಯೇ ಅಲ್ಲ ಬಿಡಿ.

ನಿವೃತ್ತ_ಹವಾಲ್ದಾರ:
ಉದ್ಯಮಬಾಗದವರು ಹೇಳಿದ ಸೀಳುವ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಆಂಕಲ್ ಬೂಟಿಗೆ ಲೇಸನ್ನು ಅಡ್ಡಡ್ಡ ಗೀಟು ಬರುವ ಹಾಗೆ ಹಾಕಿಸುತ್ತಿದ್ದರು, ಇಂಟು ಆಕಾರದಲ್ಲಿ ಅಲ್ಲ. ಏಣಿಯ ಮೆಟ್ಟಿಲಿನ ಹಾಗೆ ಕಾಣಬೇಕು. ಗಾಯವಾದಾಗ ಚಾಕು ಕೆಳಗಿನಿಂದ ಮೇಲೆ ಎಳೆದರೆ ಸರಾಗವಾಗಿ ಸೀಳಿಕೊಂಡು ಹೋಗಲಿ ಅಂತ ನಮ್ಮ ಉಸ್ತಾದರು ಹೇಳುತ್ತಿದ್ದರು. ನಿಜವಾದ ಕಾರಣ ಪರೇಡಿನಲ್ಲಿ ಎಲ್ಲರದ್ದೂ ಒಂದೇ ತರ ಕಾಣಲಿ ಅಂತಲೇ ಇರಬೇಕು ಎಂದು ನನ್ನ ಅಭಿಪ್ರಾಯ. ಒಂದು ಲೇಸು ತಿರುಚಿಕೊಂಡಿದ್ದಕ್ಕೆ ಇಡೀ ಮೈದಾನ ಸುತ್ತಿದ್ದೇನೆ.

ಬಾದಾಮಿ_ಕಲ್ಲು:
ಆ ಗೀಟು ಹಾಕುವ ರೀತಿ ಬಿಗಿಯಲು ಕಷ್ಟ ಅಲ್ವಾ? ಇಂಟು ಆಕಾರವೇ ಸಲೀಸು.

ಗಣಿತ_ಟೀಚರ್_ವಿಜಯಪುರ:
ಇದಕ್ಕೂ ಲೆಕ್ಕ ಇದೆ, ಬಿಡುತ್ತೀನಾ! ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಬರ್ಕಾರ್ಡ್ ಪೋಲ್ಸ್ಟರ್ ಅನ್ನುವ ಗಣಿತಜ್ಞರು 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. 6 ಜೊತೆ ಕಣ್ಣಿರುವ ಶೂಗೆ, ಪ್ರತಿ ಕಣ್ಣೂ ಎರಡು ಬದಿಯನ್ನು ಹತ್ತಿರ ಎಳೆಯುವುದಕ್ಕೆ ನೆರವಾಗಬೇಕು ಅಂದರೆ, ಲೇಸು ಹಾಕುವ ರೀತಿಗಳು 43,200. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಲೇಸು ಹಿಡಿಯುವುದು ಬೋ ಟೈ ಅನ್ನುವ, ಯಾರೂ ಹಾಕದ ಒಂದು ರೀತಿ. ಎಲ್ಲಕ್ಕಿಂತ ಬಲವಾಗಿ ಬಿಗಿಯುವುದು ಎರಡು: ನಮ್ಮೆಲ್ಲರ ಇಂಟು ಆಕಾರ, ಮತ್ತೆ ಹವಾಲ್ದಾರರ ಗೀಟು. ಯಾವುದು ಗೆಲ್ಲುತ್ತದೆ ಅನ್ನುವುದು ಕಣ್ಣುಗಳ ನಡುವಿನ ಅಂತರದ ಮೇಲೆ ನಿಂತಿದೆ.

ಅಂದರೆ ಇಬ್ಬರೂ ಸರಿ. ಜಗಳ ಬೇಡ.

ಬಾದಾಮಿ_ಕಲ್ಲು:
ಸರಿ ಟೀಚರ್. ನಾನು ಬಾದಾಮಿಯಲ್ಲಿ ಬಂಡೆ ಹತ್ತುವವರ ಜೊತೆ ಓಡಾಡುತ್ತೇನೆ. ಹತ್ತುವ ಶೂ ಬೇರೆ, ಅದರ ಕಥೆ ಬೇರೆ. ಬಂಡೆಯ ಬುಡಕ್ಕೆ ನಡೆದು ಹೋಗುವ ಬೂಟಿನ ಬಗ್ಗೆ ಎರಡು ಉಪಾಯ ಹೇಳುತ್ತೇನೆ, ತಿಲಕವಾಡಿಯವರ ಬೂಟಿಗೆ ಸರಿಹೊಂದುತ್ತದೆ.

ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ಬಡಿಯುತ್ತದೆಯಾ? ಹಿಂಬಡ ಎದ್ದು ಎದ್ದು ಬೊಬ್ಬೆ ಬರುತ್ತದೆಯಾ? ಆಗ ಕಣ್ಣು ಮುಗಿದು ಕೊಂಡಿ ಶುರುವಾಗುವ ಜಾಗದಲ್ಲಿ ಲೇಸನ್ನು ಒಂದರ ಸುತ್ತ ಒಂದು ಎರಡು ಸಲ ಸುತ್ತಿ ಬಿಗಿಯಾಗಿ ಎಳೆಯಿರಿ. ಆಪರೇಷನ್ ಹೊಲಿಗೆಯಲ್ಲಿ ಹಾಕುವ ಗಂಟಿನ ತರ. ಕೈ ಬಿಟ್ಟರೂ ಅದು ಅಲ್ಲೇ ಕಚ್ಚಿ ನಿಲ್ಲುತ್ತದೆ. ಈಗ ಬೂಟು ಎರಡು ಭಾಗವಾಯಿತು. ಕೆಳಗೆ ಮೀಗಾಲು ಒಂದು ಬಿಗಿ, ಮೇಲೆ ಹರಡು ಇನ್ನೊಂದು ಬಿಗಿ. ಹತ್ತುವಾಗ ಮೇಲಿನದನ್ನು ಸಡಿಲ ಬಿಡಿ, ಹರಡು ಮಡಚಬೇಕು. ಇಳಿಯುವ ಮುಂಚೆ ಒಂದು ನಿಮಿಷ ಕೂತು ಮೇಲಿನದನ್ನು ಬಿಗಿ ಮಾಡಿ.

ಎರಡನೆಯದು, ಮೀಗಾಲಿನ ಮೇಲಿನ ಎಲುಬಿಗೆ ಲೇಸು ಒತ್ತಿ ನೋಯುತ್ತಿದ್ದರೆ, ಆ ಜಾಗದಲ್ಲಿ ಇಂಟು ಹಾಕಲೇಬೇಡಿ. ಎರಡೂ ಬದಿಯಲ್ಲಿ ನೇರ ಮೇಲಿನ ಕಣ್ಣಿಗೆ ಹೋಗಿ, ಆಮೇಲೆ ಮತ್ತೆ ಇಂಟು. ಅಲ್ಲಿ ಒಂದು ಕಿಟಕಿ ಬಿಟ್ಟ ಹಾಗೆ. ಅರ್ಧ ಸೈಜು ದೊಡ್ಡ ಬೂಟು ತೊಗೊಂಡು ದುಡ್ಡು ಕಳೆದ ಮೇಲೆ ನಾನು ಇದನ್ನು ಕಲಿತೆ.

ಶಹಾಪುರ_ಮಗ್ಗ:
ಇಷ್ಟು ಹೊತ್ತು ಗಂಟಿನ ಮಾತಾಯಿತು. ಲೇಸಿನ ಮಾತನ್ನು ಯಾರೂ ಸರಿಯಾಗಿ ಆಡಲಿಲ್ಲ. ನಾನು ನೇಕಾರರ ಮನೆಯವನು, ಕೈ ಸುಮ್ಮನೆ ಕೂರುವುದಿಲ್ಲ.

ಲೇಸು ನೇಯ್ದದ್ದಲ್ಲ, ಹೆಣೆದದ್ದು. ಸೀರೆಯಲ್ಲಿ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಲೇಸಿನಲ್ಲಿ ಎಲ್ಲ ಎಳೆಗಳೂ ಓರೆಯಾಗಿ ಓಡುತ್ತವೆ. ಹೆಣೆಯುವ ಯಂತ್ರ ನೋಡಬೇಕು ನೀವು. ಜಾತ್ರೆಯಲ್ಲಿ ಜಡೆ ಕೋಲಾಟ ನೋಡಿದ್ದೀರಲ್ಲ? ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಒಬ್ಬರ ಒಳಗಿಂದ ಒಬ್ಬರ ಹೊರಗಿಂದ ಹಾವಿನ ಹಾಗೆ ಸುತ್ತುತ್ತಾರೆ, ಮೇಲೆ ಜಡೆ ಹೆಣೆಯುತ್ತ ಬರುತ್ತದೆ. ಯಂತ್ರದಲ್ಲೂ ಅದೇ ಕುಣಿತ, ಮನುಷ್ಯರ ಬದಲು ದಾರದ ಕಂಡಿಕೆಗಳು. ಹಾಡು ಇಲ್ಲ ಅಷ್ಟೇ, ಖಟಖಟ ಸದ್ದು.

ಓರೆ ಹೆಣಿಗೆಯಾದ್ದರಿಂದ ಎಳೆದರೆ ಲೇಸು ತೆಳ್ಳಗಾಗಿ ಸ್ವಲ್ಪ ಉದ್ದವಾಗುತ್ತದೆ, ಬಿಟ್ಟರೆ ಹಿಂದೆ ಬರುತ್ತದೆ. ಕಾಲಿಗೆ ಈ ಸ್ಪ್ರಿಂಗ್ ಗುಣ ಬೇಕು.

ಈಗ ದಾರ. ನೈಲಾನ್ ಗಟ್ಟಿ, ಸವೆಯುವುದು ಕಡಿಮೆ. ಆದರೆ ನೀರು ಕುಡಿಯುತ್ತದೆ, ನೆನೆದರೆ ಸಡಿಲವಾಗುತ್ತದೆ. ಪಾಲಿಯೆಸ್ಟರ್ ಹತ್ತಿರ ಹತ್ತಿರ ಅಷ್ಟೇ ಗಟ್ಟಿ, ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಹಿಗ್ಗುವುದೂ ಕಡಿಮೆ. ಹತ್ತಿಗೆ ಹಿಡಿತ ಚೆನ್ನಾಗಿದೆ, ನೆನೆದರೆ ಬಲ ಹೆಚ್ಚುತ್ತದೆ, ಆದರೆ ಗಂಟು ಉಬ್ಬಿ ಕೂತು ಹಲ್ಲಿನಿಂದ ಬಿಚ್ಚಬೇಕಾಗುತ್ತದೆ. ಸವೆತವೂ ಬೇಗ. ಮೇಣ ಸವರಿದ ಹತ್ತಿ ಲೇಸು ಇದಕ್ಕೆ ಒಂದು ದಾರಿ, ಅದನ್ನು ಸಾಮಾನ್ಯವಾಗಿ ಆಫೀಸ್ ಶೂಗೆ ಹಾಕುತ್ತಾರೆ.

ಬೆಳಗಾವಿಯ ಜಿಟಿಜಿಟಿ ಮಳೆ, ಗಡ ಹತ್ತುವುದು, ಎರಡೂ ನೋಡಿದರೆ ನನ್ನ ಮತ ಪಾಲಿಯೆಸ್ಟರ್, ಚಪ್ಪಟೆ ಇಲ್ಲಾ ಅರೆದುಂಡು. ಕೈಯಲ್ಲಿ ಹಿಡಿದರೆ ಸ್ವಲ್ಪ ಒರಟು ಅನ್ನಿಸಬೇಕು. ಹೊಳೆಯುವುದು ಬೇಡ.

ಖಾನಾಪುರ_ಮಳೆಹುಡುಗಿ:
ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಬರುವವರಿಗೆ ಇದರ ಮೇಲೆ ಒಂದು ಮಾತು. ಜಿಗಣೆಗೆ ಲೇಸಿನ ಕಣ್ಣು ಹೆಬ್ಬಾಗಿಲು. ನಾಲಿಗೆ ಎರಡೂ ಬದಿ ಹೊಲಿದಿರುವ ಬೂಟು ನೋಡಿ. ಲೇಸು ಎಷ್ಟು ಬಿಗಿದರೂ ಅದನ್ನು ತಡೆಯುವುದಿಲ್ಲ.

ತಿಲಕವಾಡಿ_ನಡಿಗೆ:
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಮೊದಲ ಗಂಟು ಉಲ್ಟಾ ಮಾಡಿದೆ. ಮೊದಲ ಎರಡು ದಿನ ಕೈ ಕೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ಬಾಗಿಲ ಹತ್ತಿರ ಕೂತು ಎಡ, ಬಲ ಅಂತ ಗೊಣಗುತ್ತಿದ್ದೆ. ಮಗಳು ಎದ್ದು ಬಂದು 'ಅಪ್ಪ, ಸ್ಕೂಲಿನಲ್ಲಿ ನನಗೆ ಇದನ್ನೇ ಕಲಿಸಿದ್ದು' ಅಂದಳು. ಅವಳ ಶೂ ನೋಡಿದೆ, ಅಡ್ಡ ಮಲಗಿತ್ತು.

ಇವತ್ತು ರಾಜಹಂಸಗಡ ಹತ್ತಿ ಇಳಿದೆ. ಖಡೇಬಜಾರಿನ ಅದೇ ಹಳೆಯ ಲೇಸು, ಎಡಗಾಲಿನ ಹರಿದದ್ದಕ್ಕೆ ಗಂಟು ಹಾಕಿ. ಬಲಗಾಲಿನದ್ದು ಒಮ್ಮೆಯೂ ಬಿಚ್ಚಲಿಲ್ಲ. ಎಡಗಾಲಿನದ್ದೂ ಬಿಚ್ಚಲಿಲ್ಲ, ಆದರೆ ಮತ್ತೆ ಹರಿಯಿತು! ಅದೇ ಜಾಗದಲ್ಲಿ.

ಶಹಾಪುರ_ಮಗ್ಗ:
ಯಾವ ಜಾಗ?

ತಿಲಕವಾಡಿ_ನಡಿಗೆ:
ಎಡಬೂಟಿನ ಹೊರಬದಿ, ಕೆಳಗಿನಿಂದ ಮೊದಲ ಕೊಂಡಿ.

ಶಹಾಪುರ_ಮಗ್ಗ:
ಲೇಸು ಎರಡು ಸಲ ಒಂದೇ ಜಾಗದಲ್ಲಿ ಹರಿದರೆ ತಪ್ಪು ಲೇಸಿನದ್ದಲ್ಲ. ಮನೆಯಲ್ಲಿ ಹತ್ತಿ ಇದೆಯಾ? ದೀಪದ ಬತ್ತಿ ಹೊಸೆಯುವ ಹತ್ತಿ ಸಾಕು. ಸ್ವಲ್ಪ ಹಿಂಜಿ ಆ ಕೊಂಡಿಯ ಒಳಗೆ ಮೆಲ್ಲಗೆ ಎಳೆಯಿರಿ. ಬೇರೆ ಕೊಂಡಿಯಲ್ಲೂ ಎಳೆದು ಹೋಲಿಸಿ.

ತಿಲಕವಾಡಿ_ನಡಿಗೆ:
ಅಬ್ಬಾ. ಆ ಕೊಂಡಿಗೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಬೇರೆ ಐದರಲ್ಲಿ ಸರಾಗವಾಗಿ ಬಂತು. ಭೂತಗನ್ನಡಿ ಹಿಡಿದು ನೋಡಿದರೆ ಒಳ ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಲೋಹದ ಮುಳ್ಳು. ಬಣ್ಣ ಅಲ್ಲಿ ಕೂತೇ ಇಲ್ಲ. ಬೂಟು ಹೊಸದಿದ್ದಾಗಿನಿಂದಲೂ ಇತ್ತು ಅಂತ ಕಾಣುತ್ತದೆ.

ಉದ್ಯಮಬಾಗ_ಎರಡನೇಪಾಳಿ:
ಬರ್ ಅನ್ನುತ್ತೇವೆ ನಾವು. ಪ್ರೆಸ್ಸಿನಲ್ಲಿ ಕತ್ತರಿಸಿದಾಗ ಉಳಿಯುವ ಅಂಚು. 400 ನಂಬರ್ ಎಮರಿ ಪೇಪರನ್ನು ಬೆಂಕಿಕಡ್ಡಿಗೆ ಸುತ್ತಿ ಹತ್ತು ಸಲ ತಿಕ್ಕಿ. ಮತ್ತೆ ಹತ್ತಿ ಎಳೆದು ನೋಡಿ. ಜೋರಾಗಿ ತಿಕ್ಕಬೇಡಿ, ಲೇಪ ಹೋದರೆ ತುಕ್ಕು ಹಿಡಿಯುತ್ತದೆ. ಕೊನೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿಬಿಡಿ.

ಬಾದಾಮಿ_ಕಲ್ಲು:
ಇದರ ಜೊತೆ ಇನ್ನೊಂದು. ಲೇಸು ತಿಂಗಳಿಗೊಮ್ಮೆ ಬಿಚ್ಚಿ ಸೋಪಿನ ನೀರಿನಲ್ಲಿ ಹಾಕಿ. ನಮ್ಮಲ್ಲಿ ಕೆಂಪು ಮರಳುಕಲ್ಲಿನ ಪುಡಿ ಎಳೆಗಳ ನಡುವೆ ಕೂತು ಒಳಗಿನಿಂದಲೇ ಗರಗಸ ಹಾಕುತ್ತದೆ. ತೊಳೆದ ನೀರಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ. ತಿರುಗಿ ಹಾಕುವಾಗ ಎಡಕ್ಕೆ ಒಂದು ಬೆರಳಷ್ಟು ಸರಿಸಿ ಹಾಕಿ. ಅದೇ ಜಾಗ ಅದೇ ಕಣ್ಣಿಗೆ ತಿಕ್ಕುವುದು ತಪ್ಪುತ್ತದೆ.

ಸುಮ್ನೆ_ಓದುವವ:
ನನ್ನದು ತುದಿಯ ಪ್ಲಾಸ್ಟಿಕ್ ಟೋಪಿ ಹೋಗಿ ಪೊರಕೆ ಆಗಿದೆ. ಕಣ್ಣಿಗೆ ತೂರುವುದಿಲ್ಲ. ಉಪಾಯ?

ಶಹಾಪುರ_ಮಗ್ಗ:
ಪಾಲಿಯೆಸ್ಟರ್, ನೈಲಾನ್ ಆದರೆ ಊದುಬತ್ತಿಯ ಕೆಂಡ ಮುಟ್ಟಿಸಿ, ಮೆತ್ತಗಾದಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಹೊಸೆಯಿರಿ. ಬರಿಗೈ ಹಾಕಬೇಡಿ, ಅಂಟಿ ಸುಡುತ್ತದೆ. ಹತ್ತಿಯದಾದರೆ ಹೀಗೆ ಆಗುವುದಿಲ್ಲ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಹೀಟ್ ಶ್ರಿಂಕ್ ಸ್ಲೀವ್ ಸಿಗುತ್ತದೆ, ತುದಿಗೆ ತೊಡಿಸಿ ಬಿಸಿ ಮಾಡಿದರೆ ಬಿಗಿದು ಕೂರುತ್ತದೆ.

ತಿಲಕವಾಡಿ_ನಡಿಗೆ:
ಕೊಂಡಿ ತಿಕ್ಕಿದೆ, ಹತ್ತಿ ಈಗ ಸರಾಗ. ಇನ್ನು ಹೊಸ ಲೇಸು ತರಬೇಕು. 8 ಜೊತೆಗೆ ಎಷ್ಟು ಉದ್ದ ಕೇಳಲಿ? ಒಂದು ಅಂಗಡಿಯಲ್ಲಿ 120 ಅಂದರು, ಇನ್ನೊಂದರಲ್ಲಿ 180.

ನಿವೃತ್ತ_ಹವಾಲ್ದಾರ:
ಅಂಗಡಿಯವರನ್ನು ಕೇಳಬೇಡಿ, ಬೂಟನ್ನು ಕೇಳಿ. ಸುತಳಿ ತೊಗೊಂಡು ಕೆಳಗಿನಿಂದ ಮೇಲಿನವರೆಗೆ ಲೇಸಿನ ಹಾಗೇ ಹಾಕಿ, ದಪ್ಪ ಕಾಲುಚೀಲ ಹಾಕಿಕೊಂಡು. ಬಾದಾಮಿಯವರ ಎರಡು ಸುತ್ತಿನ ಗಂಟು ಹಾಕುವಿರಾದರೆ ಅದನ್ನೂ ಹಾಕಿ. ಹೂವು ಕಟ್ಟಿ. ಎರಡೂ ತುದಿ ನಾಲ್ಕು ಬೆರಳು ಉಳಿಯುವ ಹಾಗೆ ಕತ್ತರಿಸಿ ಟೇಪಿನಲ್ಲಿ ಅಳೆಯಿರಿ. ಆ ಅಳತೆ, ಇಲ್ಲಾ ಅದಕ್ಕಿಂತ ಒಂದು ಸೈಜು ಮೇಲೆ. ಜಾಸ್ತಿ ಉದ್ದ ಬೇಡ. ಉದ್ದ ತುದಿ ಜಗ್ಗುತ್ತದೆ ಅಂತ ಟೀಚರ್ ಹೇಳಿದರಲ್ಲ.

ತಿಲಕವಾಡಿ_ನಡಿಗೆ:
152 ಸೆಂ.ಮೀ. ಬಂತು. 150 ಸಿಕ್ಕಿತು, ಕಂದು ಬಣ್ಣ, ಅರೆದುಂಡು, ಒರಟು. ಎರಡು ಜೊತೆ ತಂದೆ. ಅಂಗಡಿಯಾತ ನನ್ನ ಕೈಯಲ್ಲಿದ್ದ ಸುತಳಿ ನೋಡಿ, 'ಏನ್ರೀ, ಎತ್ತಿಗೆ ಹಗ್ಗ ಬೇಕಿತ್ತಾ?' ಅಂದ.

ಸುಮ್ನೆ_ಓದುವವ:
ಎರಡನೇ ಜೊತೆ ನನಗೆ ಮಾರುತ್ತೀರಾ? ನನ್ನ ಊದುಬತ್ತಿ ಪ್ರಯೋಗ ಕೈಕೊಟ್ಟಿತು. ಲೇಸು ಹತ್ತಿಯದಾಗಿತ್ತು.